ಕಿರುನಾ: ಊರನ್ನು ಎತ್ತಿ ಬೇರೆ ಕಡೆ ಇಟ್ಟರೆ ಜೊತೆಗೆ ಏನು ಬರುತ್ತದೆ?

ಕಿರುನಾ ಸ್ವೀಡನ್ನಿನ ಉತ್ತರದ ತುದಿಯ ಊರು. 2004ರಲ್ಲಿ ಅಲ್ಲಿನ ಪುರಸಭೆಗೆ ಗಣಿ ಕಂಪನಿಯಿಂದ ಒಂದು ಸೂಚನೆ ಬಂತು. ಅದಿರು ತೆಗೆಯುವ ಕೆಲಸ ಹೀಗೇ ಮುಂದುವರಿದರೆ ನೆಲ ಬಿರುಕು ಬಿಡುವ ಪಟ್ಟಿ ಊರಿನ ನಡುಮಧ್ಯಕ್ಕೆ ಬರುತ್ತದೆ, ಹಾಗಾಗಿ ಊರು ಜಾಗ ಖಾಲಿ ಮಾಡಬೇಕು ಎಂಬುದು ಅದರ ಸಾರಾಂಶ. ಗಣಿ ನಿಲ್ಲಿಸುವ ಮಾತೇ ಇರಲಿಲ್ಲ. ಊರಿನಲ್ಲಿ ದೊಡ್ಡ ಗಲಾಟೆಯೂ ಆಗಲಿಲ್ಲ. ಹೊರಗಿನವರಿಗೆ ಇದು ವಿಚಿತ್ರ ಅನಿಸುತ್ತದೆ. ಆದರೆ ಗಣಿ ಇಲ್ಲದಿದ್ದರೆ ನಾವೂ ಇಲ್ಲ ಅನ್ನೋದು ಅಲ್ಲಿನ ಎಲ್ಲರಿಗೂ ಗೊತ್ತು.

ಅಲ್ಲಿಂದ 20 ವರ್ಷಕ್ಕೂ ಜಾಸ್ತಿ ಕಾಲದಿಂದ ಈ ಸಾಗಾಟ ನಡೆಯುತ್ತಲೇ ಇದೆ. ಮಾನವ ಭೂಗೋಳಶಾಸ್ತ್ರ ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಒಂದು ಜಾಗ ಜನರಿಗೆ ಯಾಕೆ ಮುಖ್ಯವಾಗುತ್ತದೆ ಅನ್ನುವ ಪ್ರಶ್ನೆಯನ್ನು ತರಗತಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಚರ್ಚಿಸಬಹುದು. ಕಿರುನಾದಲ್ಲಿ ಅದಕ್ಕೆ ಲೆಕ್ಕದ ಪುಸ್ತಕದಲ್ಲಿ ಉತ್ತರ ಬರೆಯಬೇಕಾಯಿತು. ಯಾವ ಕಟ್ಟಡ ಹೊತ್ತೊಯ್ಯಬೇಕು, ಯಾವುದನ್ನು ಕೆಡವಬೇಕು, ಯಾರಿಗೆ ಎಷ್ಟು ಕೊಡಬೇಕು, ಯಾರ ಮಾತು ಕೇಳಬೇಕು, ಯಾರನ್ನು ಕೇಳದಿದ್ದರೂ ನಡೆಯುತ್ತದೆ, ಎಲ್ಲವನ್ನೂ ತೀರ್ಮಾನಿಸಿ ದುಡ್ಡು ಖರ್ಚು ಮಾಡಬೇಕಾಯಿತು. ಆ ತೀರ್ಮಾನಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಜಾಗ ಅಂದರೆ ಏನು ಅಂತ ಅಲ್ಲಿನ ಅಧಿಕಾರ ಅಂದುಕೊಂಡಿತ್ತು ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಿರುನಾದಲ್ಲಿ ತೂಕ ಹಾಕಲು ಬರುವುದನ್ನೆಲ್ಲ ತುಂಬ ಕಾಳಜಿಯಿಂದ ಸಾಗಿಸಿದರು. ತೂಕ ಹಾಕಲು ಬಾರದ್ದು, ಅಂದರೆ ಜನ ಆ ನೆಲವನ್ನು ದಿನನಿತ್ಯ ಬಳಸುತ್ತಿದ್ದ ರೀತಿ, ಲೆಕ್ಕಕ್ಕೆ ಅರ್ಧಂಬರ್ಧ ಮಾತ್ರ ಬಂತು. ಕಟ್ಟಡವನ್ನೇ ಕಟ್ಟದೆ ನೂರಾರು ವರ್ಷ ಆ ನೆಲವನ್ನು ಬಳಸಿದವರು ಇದ್ದಾರಲ್ಲ, ಅವರ ಮಾತಂತೂ ಬಹಳ ತಡವಾಗಿ, ಬಹಳ ಕಡಿಮೆ ಕೇಳಿಸಿತು.

ನೆಲದ ಕೆಳಗೆ ಏನಾಗುತ್ತಿದೆ

ಕಿರುನಾ ಇರುವುದು ಆರ್ಕ್ಟಿಕ್ ವೃತ್ತದಿಂದ ಸುಮಾರು 145 ಕಿಲೋಮೀಟರ್ ಉತ್ತರಕ್ಕೆ. ಡಿಸೆಂಬರ್‌ನಲ್ಲಿ ಕೆಲವು ವಾರ ಸೂರ್ಯ ಹುಟ್ಟುವುದೇ ಇಲ್ಲ. ಮೇ ಕೊನೆಯಿಂದ ಜುಲೈ ನಡುವಿನವರೆಗೆ ಮುಳುಗುವುದೂ ಇಲ್ಲ. ಊರಿನ ಎದುರಿಗೇ ಕೀರುನಾವಾರಾ ಬೆಟ್ಟ. ಅದರೊಳಗೆ ಮ್ಯಾಗ್ನಟೈಟ್ ಕಬ್ಬಿಣದ ಅದಿರಿನ ದೊಡ್ಡ ಹಾಳೆ ಇದೆ, ಸುಮಾರು 4 ಕಿಲೋಮೀಟರ್ ಉದ್ದ, 80 ಮೀಟರ್‌ಗೂ ಹೆಚ್ಚು ದಪ್ಪ. ಕೆಳಗೆ ಎರಡು ಕಿಲೋಮೀಟರ್ ಆಳದವರೆಗೂ ಇಳಿದಿದೆ ಅನ್ನುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ ತೆಗೆಯುವ ಕಬ್ಬಿಣದ ಅದಿರಿನಲ್ಲಿ ಸುಮಾರು ಶೇ. 80ರಷ್ಟು ಸ್ವೀಡನ್ ಸರ್ಕಾರದ ಒಡೆತನದ ಎಲ್‌ಕೆಎಬಿ ಕಂಪನಿಯದ್ದೇ.

ತೊಂದರೆ ಇರುವುದು ಆ ಹಾಳೆ ವಾಲಿರುವ ದಿಕ್ಕಿನಲ್ಲಿ. ಅದು ನೆಟ್ಟಗೆ ಇಳಿದಿಲ್ಲ. ಸುಮಾರು 60 ಡಿಗ್ರಿಯಲ್ಲಿ ಓರೆಯಾಗಿ ಊರಿನ ಅಡಿಗೇ ಇಳಿದಿದೆ. 1960ರ ದಶಕದಿಂದ ಗಣಿಗಾರಿಕೆ ನೆಲದೊಳಗೆ ನಡೆಯುತ್ತಿದೆ. ಅಲ್ಲಿ ಬಳಸುವ ವಿಧಾನದಲ್ಲಿ ಅದಿರನ್ನು ಸಿಡಿಸಿ ಕೆಳಗಿನಿಂದ ಎಳೆದುಕೊಳ್ಳುತ್ತಾರೆ, ಖಾಲಿಯಾದ ಜಾಗಕ್ಕೆ ಮೇಲಿನ ಬಂಡೆ ತಾನೇ ಕುಸಿದು ತುಂಬಿಕೊಳ್ಳುತ್ತದೆ. ಆಳಕ್ಕೆ ಹೋದಷ್ಟೂ ಆ ಕುಸಿತದ ಪರಿಣಾಮ ಮೇಲೆ ಊರಿನ ಕಡೆಗೆ ಹರಡುತ್ತದೆ. 1,365 ಮೀಟರ್ ಮಟ್ಟದವರೆಗೆ ಗಣಿ ಇಳಿಸುವ ತೀರ್ಮಾನ 2008ರಲ್ಲಿ ಆಯಿತು. ಅಲ್ಲಿಗೆ ಊರು ಬಿಡಲೇಬೇಕು ಅನ್ನುವುದೂ ಖಚಿತವಾಯಿತು.

ಪ್ರತಿ ರಾತ್ರಿ ಒಂದು ಗಂಟೆ ದಾಟಿದ ಮೇಲೆ ಗಣಿಯೊಳಗೆ ಸಿಡಿತ ನಡೆಯುತ್ತದೆ. ಮನೆಗಳಲ್ಲಿ ಮಲಗಿದವರಿಗೆ ಅದು ಮೆಲ್ಲನೆ ತಾಗುತ್ತದೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಎಚ್ಚರವೇ ಆಗುವುದಿಲ್ಲವಂತೆ. 2020ರ ಮೇ ತಿಂಗಳಲ್ಲಿ ಗಣಿಯೊಳಗೆ 4.9ರ ತೀವ್ರತೆಯ ಕಂಪನವಾದಾಗ ಮಾತ್ರ ಊರೆಲ್ಲ ಎದ್ದಿತು. ಒಂದು ಜಾಗ ಮೈಗೆ ಅಭ್ಯಾಸವಾಗುವುದು ಅಂದರೆ ಇದೇ. ನೋಟದಿಂದಷ್ಟೇ ಅಲ್ಲ, ನಿದ್ದೆಯಲ್ಲೂ ಅದು ಗೊತ್ತಿರುತ್ತದೆ.

ಊರು ಕಟ್ಟಿದ ಬಗೆ

ಎಲ್‌ಕೆಎಬಿ ಶುರುವಾದದ್ದು 1890ರಲ್ಲಿ, ಕಿರುನಾ ಪಟ್ಟಣ 1900ರಲ್ಲಿ. ಕಿರುನಾದಲ್ಲಿ ಕಂಪನಿಯ ಮೊದಲ ಮುಖ್ಯಸ್ಥ ಯಾಲ್ಮಾರ್ ಲುಂಡ್‌ಬೂಮ್ ಮೂಲತಃ ಭೂವಿಜ್ಞಾನಿ. ಗಣಿ ಊರೆಂದರೆ ಕೆಸರು, ಗುಡಿಸಲು, ಕುಡಿತ ಅನ್ನುವ ಕಾಲದಲ್ಲಿ ಅವರು ಮಾದರಿ ಊರು ಕಟ್ಟಬೇಕು ಅಂದುಕೊಂಡರು. ಊರಿನ ನಕ್ಷೆ ಮಾಡಿದವರು ಪೆರ್ ಊಲೋಫ್ ಹಾಲ್ಮನ್. ಆ ನಕ್ಷೆಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಮುಂದಿನ ಕಥೆಗೆಲ್ಲ ಅದೇ ಬುಡ.

ಹಾಲ್ಮನ್ ಊರನ್ನು ಇಟ್ಟದ್ದು ಹೌಕಿವಾರಾ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ. ಸೂರ್ಯ ಅಪರೂಪವಾಗುವ ಕಡೆ ದಕ್ಷಿಣಕ್ಕೆ ಮುಖ ಮಾಡುವುದು ದೊಡ್ಡ ವಿಷಯ. ಜೊತೆಗೆ, ಕೊರೆಯುವ ತಂಪು ಗಾಳಿ ಭಾರ, ಅದು ಇಳಿಜಾರಿನಲ್ಲಿ ನಿಲ್ಲದೆ ತಗ್ಗಿಗೆ ಹರಿದುಹೋಗುತ್ತದೆ. ಬೀದಿಗಳನ್ನು ನೇರ ಗೆರೆಯಲ್ಲಿ ಎಳೆಯದೆ ನೆಲದ ಏರಿಳಿತಕ್ಕೆ ತಕ್ಕಂತೆ ಬಾಗಿಸಿದರು. ನೇರ ಬೀದಿಯಾಗಿದ್ದರೆ ಗಾಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬೀಸಿ ಹೊಡೆಯುತ್ತಿತ್ತು. ಬಾಗಿದ ಬೀದಿಯಲ್ಲಿ ಅದರ ಸೊಕ್ಕು ಮುರಿಯುತ್ತದೆ. ಚಳಿಗಾಲದಲ್ಲಿ ಅಂಗಡಿಗೆ ನಡೆದು ಹೋಗುವ ವಯಸ್ಸಾದವರಿಗೆ ಈ ಬಾಗು ಎಷ್ಟು ಮುಖ್ಯ ಅಂತ ಯೋಚಿಸಿ ನೋಡಿ. ಅದು ಯಾವ ಪಾರಂಪರಿಕ ಪಟ್ಟಿಯಲ್ಲೂ ಕಟ್ಟಡದಂತೆ ಎದ್ದು ಕಾಣುವುದಿಲ್ಲ. ಆದರೆ ನೂರು ವರ್ಷದ ಚಳಿಗಾಲಗಳು ಅದರ ಮೇಲೆ ನಡೆದವು.

ಆಮೇಲೆ ನಾರ್ವೆಯ ನಾರ್ವಿಕ್ ಬಂದರಿಗೆ ರೈಲು ಬಂತು. 1903ರಲ್ಲಿ ಅದರ ಉದ್ಘಾಟನೆ ಆಯಿತು. 1912ರಲ್ಲಿ ಚರ್ಚ್ ಕಟ್ಟಿ ಮುಗಿಸಿದರು. ಮರದ ಕಟ್ಟಡ, ಕೆಂಪು ಬಣ್ಣ. ವಾಸ್ತುಶಿಲ್ಪಿ ಗುಸ್ತಾಫ್ ವಿಕ್‌ಮನ್. ಇಳಿಬಿದ್ದ ಅದರ ಅಗಲವಾದ ಮಾಡು ಆ ಭಾಗದ ಮೂಲನಿವಾಸಿಗಳಾದ ಸಾಮಿ ಜನರ ಗುಡಿಸಲಿನ ಆಕಾರವನ್ನು ನೆನಪಿಸುತ್ತದೆ. 2001ರಲ್ಲಿ ನಡೆದ ಮತದಾನದಲ್ಲಿ 1950ಕ್ಕಿಂತ ಹಿಂದಿನ ಸ್ವೀಡನ್ನಿನ ಅತ್ಯುತ್ತಮ ಕಟ್ಟಡ ಅಂತ ಜನ ಇದನ್ನೇ ಆರಿಸಿದರು.

ಜಾಗವನ್ನು ಹೇಗೆ ಓದುವುದು

ಇಲ್ಲಿ ಸ್ವಲ್ಪ ಸಿದ್ಧಾಂತ ಬೇಕು, ಜಾಸ್ತಿ ಏನಲ್ಲ. ಭೂಗೋಳಶಾಸ್ತ್ರಜ್ಞ ಜಾನ್ ಆಗ್ನ್ಯೂ 1987ರಲ್ಲಿ ಜಾಗವನ್ನು ಮೂರು ಬಗೆಯಲ್ಲಿ ನೋಡಿದರು. ನಕ್ಷೆಯ ಮೇಲೆ ಅದು ಎಲ್ಲಿದೆ ಅನ್ನುವುದು ಒಂದು. ಬೀದಿ, ಮನೆ, ಶಾಲೆ, ಕಟ್ಟೆ ಹೀಗೆ ಜನ ಕಲೆತು ಬದುಕುವ ಏರ್ಪಾಡು ಇನ್ನೊಂದು. ಜನರಿಗೂ ಅದಕ್ಕೂ ಬೆಳೆದ ಭಾವನೆಯ ನಂಟು ಮೂರನೆಯದು. ಇದಕ್ಕೂ ಮುಂಚೆ, 1970ರ ದಶಕದಲ್ಲಿ ಈ-ಫು ಟುವಾನ್ ಹೇಳಿದ್ದು ಇನ್ನೂ ಸರಳ. ಗುರುತು ಪರಿಚಯ ಇಲ್ಲದ ಬಯಲು, ನಾವು ಅದನ್ನು ಅರಿಯುತ್ತಾ, ಅದಕ್ಕೆ ಬೆಲೆ ಕೊಡುತ್ತಾ ಹೋದಂತೆ ಜಾಗವಾಗುತ್ತದೆ. ಅದಕ್ಕೆ ಸಮಯ ಬೇಕು, ಮರುಕಳಿಕೆ ಬೇಕು. ಅದೇ ತಿರುವಿನಲ್ಲಿ ಮತ್ತೆ ಮತ್ತೆ ತಿರುಗಬೇಕು.

ಕಿರುನಾ ಈ ಮೂರನ್ನೂ ಬಿಡಿಬಿಡಿಯಾಗಿ ಎಳೆದು ತೋರಿಸುತ್ತದೆ. ಮೊದಲನೆಯದು ಬದಲಾಯಿತು, ಹೊಸ ಕೇಂದ್ರ ಹಳೆಯದರಿಂದ ಸುಮಾರು 3 ಕಿಲೋಮೀಟರ್ ಪೂರ್ವಕ್ಕೆ. ಎರಡನೆಯದನ್ನು ಹೊಸದಾಗಿ ಕಟ್ಟಿದರು, ಅಲ್ಲಲ್ಲಿ ಹಳೆಯ ತುಂಡುಗಳನ್ನು ಜೋಡಿಸಿದರು. ಮೂರನೆಯದು ಆ ತುಂಡುಗಳ ಬೆನ್ನೇರಿ ತಾನಾಗಿಯೇ ಬಂದುಬಿಡುತ್ತದೆ ಅನ್ನುವ ನಂಬಿಕೆ ಇಡೀ ಯೋಜನೆಯ ಅಡಿಯಲ್ಲಿತ್ತು. ಅಲ್ಲೇ ನನಗೆ ತಕರಾರು.

ಹೊತ್ತೊಯ್ದದ್ದು

ಹೊತ್ತೊಯ್ದದ್ದರ ಬಗ್ಗೆ ಮೊದಲು ಒಳ್ಳೆಯ ಮಾತು ಹೇಳಬೇಕು, ಯಾಕೆಂದರೆ ಅದು ಸುಮ್ನೆ ತೋರಿಕೆಗೆ ಮಾಡಿದ ಕೆಲಸವಲ್ಲ. 2017ರಲ್ಲಿ ಲುಂಡ್‌ಬೂಮ್ ವಾಸವಿದ್ದ ಮನೆಯನ್ನು ಇಡಿಯಾಗಿ ಎತ್ತಿ ಲುವೊಸ್ಸಾವಾರಾ ಬೆಟ್ಟದ ಬುಡಕ್ಕೆ ಸಾಗಿಸಿದರು. ಹಳೆಯ ಕಾರ್ಮಿಕರ ಮನೆಗಳಲ್ಲಿ ಕೆಲವು ಅದರ ಆಚೀಚೆ ಬಂದು ಕೂತವು. ಮಸಿಕುಡಿಕೆ ಆಕಾರದವು ಅಂತ ಊರವರೇ ಅವಕ್ಕೆ ಮಸಿಕುಡಿಕೆ ಅಂತಲೇ ಹೆಸರಿಟ್ಟಿದ್ದರು.

ಆಮೇಲೆ ಚರ್ಚ್. 2025ರ ಆಗಸ್ಟ್ 19 ಮತ್ತು 20ರಂದು 672 ಟನ್ ತೂಕದ ಕಟ್ಟಡವನ್ನು ಬಿಚ್ಚದೆ, ಒಂದೇ ತುಂಡಾಗಿ, ಸಾಲುಸಾಲು ಚಕ್ರಗಳ ಟ್ರೇಲರ್‌ಗಳ ಮೇಲೆ ಕೂರಿಸಿ 5 ಕಿಲೋಮೀಟರ್ ಸಾಗಿಸಿದರು. ವೇಗ ಗಂಟೆಗೆ ಅರ್ಧ ಕಿಲೋಮೀಟರ್ ಆಸುಪಾಸು. ಅದಕ್ಕೋಸ್ಕರ 9 ಮೀಟರ್ ಇದ್ದ ರಸ್ತೆಯನ್ನು 24 ಮೀಟರ್ ಮಾಡಿದ್ದರು. ದಾರಿಗೆ ಅಡ್ಡವಿದ್ದ ಒಂದು ಮೇಲ್ಸೇತುವೆಯನ್ನೇ ಕೆಡವಿದ್ದರು. ಒಳಗಿನ ಬಲಿಪೀಠದ ಮೇಲೆ ರಾಜಕುಮಾರ ಯೂಜೀನ್ ಬಿಡಿಸಿದ ದೊಡ್ಡ ಚಿತ್ರವಿದೆ, ಬೆಳಕಿನಲ್ಲಿ ನಿಂತ ಮರಗಳ ತೋಪು. ಅದನ್ನೂ, ಆರ್ಗನ್ ವಾದ್ಯವನ್ನೂ ಒಳಗೇ ಭದ್ರವಾಗಿ ಮುಚ್ಚಿಟ್ಟು ಹಾಗೇ ಕಟ್ಟಡದ ಜೊತೆ ಒಯ್ದರು. ರಸ್ತೆಯ ಎರಡೂ ಕಡೆ ಸಾವಿರಾರು ಜನ ನಿಂತಿದ್ದರು. ಸ್ವೀಡನ್ ಟಿವಿಯಲ್ಲಿ ಗಂಟೆಗಟ್ಟಲೆ ನೇರ ಪ್ರಸಾರ. ರಾಜನೂ ಬಂದಿದ್ದರು.

ಆ ದೃಶ್ಯಕ್ಕೆ ಮನಸ್ಸು ಕರಗದವರು ಕಡಿಮೆ. ಅಷ್ಟು ಜನ ಒಂದು ಕಟ್ಟಡದ ಜೊತೆಗೆ ಹೆಜ್ಜೆ ಹಾಕಿದ್ದೇ ಒಂದು ಅರ್ಥದಲ್ಲಿ ಹೊಸ ಜಾಗ ಹುಟ್ಟುವ ಬಗೆ. ಆ ದಾರಿ ಇನ್ನು ಮುಂದೆ ಬರೀ ರಸ್ತೆ ಅಲ್ಲ, ಚರ್ಚ್ ಹೋದ ದಾರಿ. ಈಗ ಚರ್ಚ್ ನಿಂತಿರುವುದು ಊರಿನ ಸ್ಮಶಾನದ ಹತ್ತಿರ. ತಮ್ಮವರನ್ನು ಮಣ್ಣು ಮಾಡಿದವರಿಗೆ ಆ ಹತ್ತಿರ ಒಂದು ಸಮಾಧಾನ ಕೊಡಬಹುದು. ಟುವಾನ್ ಹೇಳುವ ಬೆಲೆ ಕೊಡುವ ಕೆಲಸ ಇಲ್ಲಿ ನಿಜವಾಗಿಯೂ ನಡೆದಿದೆ, ಅದನ್ನು ಅಲ್ಲಗಳೆಯುವುದಿಲ್ಲ.

ಹಾಗಾದರೆ ಪುರಸಭೆ ಕಟ್ಟಡಕ್ಕೆ ಏನಾಯಿತು ನೋಡಿ. ಆರ್ಟೂರ್ ಫೋನ್ ಶ್ಮಾಲೆನ್‌ಸೀ ವಿನ್ಯಾಸ ಮಾಡಿದ ಅದು 1963ರಲ್ಲಿ ಮುಗಿದಿತ್ತು. ಮರುವರ್ಷವೇ ಸ್ವೀಡನ್ನಿನ ವಾಸ್ತುಶಿಲ್ಪದ ದೊಡ್ಡ ಗೌರವವಾದ ಕಾಸ್ಪರ್ ಸಾಲಿನ್ ಪ್ರಶಸ್ತಿ ಪಡೆದಿತ್ತು. ಒಳಗೆ ಇಟ್ಟಿಗೆಯ ಗೋಡೆಗಳ ವಿಶಾಲವಾದ ಹಾಲ್. ಚಳಿಗಾಲದಲ್ಲಿ ಹೊರಗೆ ಚೌಕದಲ್ಲಿ ನಿಲ್ಲಲು ಆಗದ ಊರಿಗೆ ಅದು ಒಳಗಿನ ಚೌಕ. ಅರ್ಜಿ ಕೊಡಲು ಬಂದವರು, ಚಿತ್ರ ಪ್ರದರ್ಶನ ನೋಡಲು ಬಂದವರು, ಕೆಲಸವಿಲ್ಲದೆ ಬಂದವರು, ಎಲ್ಲರೂ ಸೇರುತ್ತಿದ್ದ ಕಡೆ. 2019ರಲ್ಲಿ ಅದನ್ನು ಕೆಡವಿದರು. ಬ್ರೋರ್ ಮಾರ್ಕ್‌ಲುಂಡ್ ಮಾಡಿದ ಅದರ ಗಡಿಯಾರ ಗೋಪುರವನ್ನು ಮಾತ್ರ ಬಿಚ್ಚಿ, 2018ರಲ್ಲಿ ಶುರುವಾದ ಹೊಸ ಪುರಸಭೆ ಕಟ್ಟಡದ ಪಕ್ಕ ನಿಲ್ಲಿಸಿದರು. ಹೊಸ ಕಟ್ಟಡದ ಹೆಸರು ಕ್ರಿಸ್ಟಾಲೆನ್, ಹೆನ್ನಿಂಗ್ ಲಾರ್ಸೆನ್ ಸಂಸ್ಥೆಯ ವಿನ್ಯಾಸ. ಚೆನ್ನಾಗಿಯೇ ಇದೆ. ಅಲ್ಲೂ ಜನ ಬಂದು ಕೂರಲು ಜಾಗವಿದೆ, ಕಲೆಯ ಪ್ರದರ್ಶನಗಳಿವೆ.

ಆದರೆ ಆರಿಸಿದ ರೀತಿ ಗಮನಿಸಿ. ದೂರದಿಂದ ಕಾಣುವ ಗೋಪುರ ಉಳಿಯಿತು, ಜನ ಕಲೆಯುತ್ತಿದ್ದ ಹಾಲ್ ಹೋಯಿತು. ಫೋಟೋದಲ್ಲಿ ಬರುವ ಗುರುತಿಗೆ ಒಂದು ನ್ಯಾಯ, ಬಳಕೆಗೆ ಇನ್ನೊಂದು ನ್ಯಾಯ. ರಾಲ್ಫ್ ಅರ್ಸ್ಕಿನ್ 1960ರ ದಶಕದಲ್ಲಿ ಕಟ್ಟಿದ ವಸತಿ ಕಟ್ಟಡಗಳ ಕಥೆಯೂ ಇಂಥದ್ದೇ. ಹಿಮ ಗಾಳಿಗೆ ತಕ್ಕಂತೆ ಮೂಲೆಗಳನ್ನು ದುಂಡಗೆ ಮಾಡಿದ್ದ ಆ ಕಟ್ಟಡಗಳಿಗೆ ಊರವರು ಹೊಗೆಸೊಪ್ಪಿನ ಡಬ್ಬಿ, ಉಗುಳುವ ಪೀಕದಾನಿ ಅಂತೆಲ್ಲ ಅಡ್ಡಹೆಸರು ಇಟ್ಟಿದ್ದರು. ಅಡ್ಡಹೆಸರು ಇಡುವುದು ಸಲುಗೆಯಿದ್ದ ಕಡೆ ಮಾತ್ರ, ಅಲ್ವಾ? ಅವು ಸಾಗಿಸುವ ಪಟ್ಟಿಗೆ ಸೇರಲಿಲ್ಲ, ಕೆಡವುವ ಪಟ್ಟಿಗೆ ಸೇರಿದವು.

ಲೆಕ್ಕಕ್ಕೆ ಬಾರದ್ದು

ಸ್ವಂತ ಮನೆ ಇದ್ದವರಿಗೆ ಕಂಪನಿ ಎರಡು ದಾರಿ ಕೊಟ್ಟಿತು. ಮಾರುಕಟ್ಟೆ ಬೆಲೆಯ ಮೇಲೆ ಶೇ. 25 ಸೇರಿಸಿ ಹಣ, ಇಲ್ಲವೇ ಹೊಸ ಮನೆ. ಜಗತ್ತಿನಲ್ಲಿ ಬಲವಂತದಿಂದ ಎಬ್ಬಿಸಿದ ಎಷ್ಟೋ ಊರುಗಳ ಪಾಡು ನೋಡಿದರೆ ಇದು ಎಷ್ಟೋ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಬಾಡಿಗೆದಾರರ ಸ್ಥಿತಿ ಬೇರೆ. ಹಳೆಯ ಫ್ಲಾಟ್ ಅಗ್ಗ, ಹೊಸ ಕಟ್ಟಡದ ಬಾಡಿಗೆ ಜಾಸ್ತಿ. ಆ ಏರಿಕೆಯನ್ನು ಒಮ್ಮೆಲೇ ಹಾಕದೆ ಹಂತಹಂತವಾಗಿ ಹಾಕುವ ಏರ್ಪಾಡು ಮಾಡಿದ್ದಾರೆ. ಹಾಗಂತ ಹೊರೆ ಇಲ್ಲವಾಗುವುದಿಲ್ಲ. ಸಣ್ಣ ಅಂಗಡಿಯವರಿಗೂ ಅಷ್ಟೇ, ಹೊಸ ಕೇಂದ್ರದಲ್ಲಿ ಹಳೆಯ ಬಾಡಿಗೆಗೆ ಜಾಗ ಸಿಗುವುದಿಲ್ಲ. ಅಂಗಡಿ ಹೋದರೆ ಬರೀ ವ್ಯಾಪಾರ ಹೋಗುವುದಿಲ್ಲ, ಅಲ್ಲಿ ನಿಂತು ಮಾತಾಡುತ್ತಿದ್ದವರ ಮಾತೂ ಹೋಗುತ್ತದೆ. ಜಾಗದ ಭಾವನಾತ್ಮಕ ನಂಟಿನ ಬಗ್ಗೆ ಬರೆಯುವವರು ದುಡ್ಡಿನ ಮಾತು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅದು ದೊಡ್ಡ ಲೋಪ. ಯಾರಿಗೆ ಒಂದು ಜಾಗದಲ್ಲಿ ಉಳಿಯಲು ಆಗುತ್ತದೋ ಅವರಿಗೆ ಮಾತ್ರ ಅದರ ಜೊತೆ ನಂಟು ಬೆಳೆಸಲು ಆಗುವುದು.

ಇನ್ನು ನೆಲ ಮತ್ತು ಗಾಳಿ. ಹಳೆಯ ಊರು ಇಳಿಜಾರಿನಲ್ಲಿ, ಹೊಸ ಕೇಂದ್ರ ಅದಕ್ಕಿಂತ ತಗ್ಗಿನಲ್ಲಿ. ಭಾರವಾದ ತಂಪು ಗಾಳಿ ಇಲ್ಲಿ ಬಂದು ನಿಲ್ಲುತ್ತದೆ. 2013ರ ಸ್ಪರ್ಧೆಯಲ್ಲಿ ಹೊಸ ಊರಿನ ಯೋಜನೆ ಗೆದ್ದದ್ದು ವೈಟ್ ಆರ್ಕಿಟೆಕ್ಟರ್ ಸಂಸ್ಥೆ. ದಟ್ಟವಾದ, ನಡೆದು ಓಡಾಡಬಹುದಾದ ಕೇಂದ್ರ ಅನ್ನುವುದು ಅವರ ಆಸೆ. 2022ರ ಸೆಪ್ಟೆಂಬರ್‌ನಲ್ಲಿ ಅದು ವಿಧ್ಯುಕ್ತವಾಗಿ ಶುರುವಾಯಿತು. ಅಂಗಡಿ, ಹೋಟೆಲ್, ಗ್ರಂಥಾಲಯ ಎಲ್ಲ ಹತ್ತಿರ ಹತ್ತಿರ ಬಂದವು, ಅದು ನಿಜ. ಆದರೆ ಹಾಲ್ಮನ್ ನೂರು ವರ್ಷದ ಹಿಂದೆ ಗಾಳಿಯನ್ನೂ ಬಿಸಿಲನ್ನೂ ನೋಡಿ ಜಾಗ ಆರಿಸಿದರು. ಈ ಸಲ ಜಾಗ ಆರಿಸಿದ್ದು ಬಹುಪಾಲು ಅದಿರು, ಅಂದರೆ ಅದಿರು ಇಲ್ಲದ ಕಡೆ ಯಾವುದೋ ಅದೇ ಊರು.

ಹಳೆಯ ಊರಿನಿಂದ ಗಣಿಬೆಟ್ಟ ಎದುರಿಗೇ ಕಾಣುತ್ತಿತ್ತು. ಕತ್ತಲ ತಿಂಗಳುಗಳಲ್ಲಿ ಅದರ ದೀಪಗಳು ಊರಿನ ದಿಕ್ಸೂಚಿ. ಮನೆಯವರು ಅಲ್ಲಿ ಒಳಗೆ ದುಡಿಯುತ್ತಿದ್ದಾರೆ ಅನ್ನುವುದು ಕಿಟಕಿಯಿಂದಲೇ ಗೊತ್ತಾಗುತ್ತಿತ್ತು. ಹೊಸ ಕೇಂದ್ರಕ್ಕೆ ಆ ಎದುರಾಬದುರು ಇಲ್ಲ. ಇದನ್ನು ಯಾವ ಪರಿಹಾರದ ಫಾರಂನಲ್ಲಿ ಬರೆಯುತ್ತೀರಿ?

ಇನ್ನೊಂದು ವಿಷಯ ಇದೆ, ಕಾಯುವುದು. 2004ರಿಂದ ಇಲ್ಲಿಯವರೆಗೆ ಊರಿನವರು ಬಿಟ್ಟುಹೋಗಬೇಕಾದ ಮನೆಯಲ್ಲೇ ವರ್ಷಗಟ್ಟಲೆ ಇದ್ದರು. ಅಡುಗೆಮನೆ ರಿಪೇರಿ ಮಾಡಿಸುವುದೋ ಬೇಡವೋ, ಗಿಡ ನೆಡುವುದೋ ಬೇಡವೋ. ಪಕ್ಕದ ಬೀದಿಗೆ ಬೇಲಿ ಬೀಳುತ್ತದೆ, ಆಮೇಲೆ ಅದು ಹುಲ್ಲಿನ ಪಾರ್ಕ್ ಆಗುತ್ತದೆ, ಕೆಲವು ವರ್ಷ ಓಡಾಡಬಹುದು, ಆಮೇಲೆ ಅದೂ ಬೇಲಿಯ ಆಚೆ. ಆಸ್ಟ್ರೇಲಿಯಾದ ಚಿಂತಕ ಗ್ಲೆನ್ ಆಲ್ಬ್ರೆಕ್ಟ್ ಹಂಟರ್ ಕಣಿವೆಯ ಕಲ್ಲಿದ್ದಲು ಗಣಿಗಳ ಪಕ್ಕ ಬದುಕುತ್ತಿದ್ದ ಜನರನ್ನು ನೋಡಿ 2003ರಲ್ಲಿ ಈ ನೋವಿಗೆ ಸೊಲಾಸ್ಟಾಲ್ಜಿಯಾ ಅಂತ ಹೆಸರು ಕೊಟ್ಟರು. ಊರು ಬಿಟ್ಟು ಹೋದವರ ಹಂಬಲ ಅಲ್ಲ ಇದು, ಇದ್ದಲ್ಲೇ ಇದ್ದು ಕಣ್ಣೆದುರು ಊರು ಕೈಬಿಡುವುದನ್ನು ನೋಡುವವರ ಸಂಕಟ. ಕಿರುನಾದಲ್ಲಿ ಒಂದು ತಲೆಮಾರು ಹಾಗೆ ಬೆಳೆದಿದೆ. ಅವರ ಬಾಲ್ಯದ ಊರು ಅಂದರೇನೇ ಹೊರಡಲು ಗಂಟುಮೂಟೆ ಕಟ್ಟಿ ಕೂತ ಊರು.

ಯಾರ ಜಾಗ?

ಇಲ್ಲಿಯವರೆಗೆ ಹೇಳಿದ್ದೆಲ್ಲ 1900ರಿಂದ ಶುರುವಾಗುವ ಕಥೆ. ಅದಕ್ಕೂ ಬಹಳ ಹಿಂದಿನಿಂದ ಅಲ್ಲಿ ಇದ್ದವರು ಸಾಮಿ ಜನ. ಇವತ್ತಿಗೂ ಕಿರುನಾ ಸುತ್ತ ಗಾಬ್ನಾ ಮತ್ತು ಲೇವಾಸ್ ಎಂಬ ಎರಡು ಹಿಮಸಾರಂಗ ಸಾಕುವ ಸಾಮಿ ಸಮುದಾಯಗಳಿವೆ. ಅವರ ಬದುಕು ಓಡಾಟದ್ದು. ಬೇಸಿಗೆಯಲ್ಲಿ ಹಿಂಡು ಪಶ್ಚಿಮದ ಬೆಟ್ಟಗಳಲ್ಲಿ, ಚಳಿಗಾಲದಲ್ಲಿ ಪೂರ್ವದ ಕಾಡುಗಳಲ್ಲಿ. ಕಾಡಿನ ನೆಲದ ಕಲ್ಲುಹೂವೇ ಚಳಿಗಾಲದ ಮೇವು. ಈ ಎರಡರ ನಡುವಿನ ದಾರಿ ಕಿರುನಾ ಇರುವ ಕಡೆಯಿಂದಲೇ ಹಾದುಹೋಗುತ್ತದೆ.

ಅಂದರೆ ಈ ಜನರಿಗೆ ಜಾಗ ಎಂಬುದು ಒಂದು ಚುಕ್ಕೆ ಅಲ್ಲ, ಒಂದು ಗೆರೆ. ಎಲ್ಲಿ ಹಿಂಡು ತಂಗುತ್ತದೆ, ಎಲ್ಲಿ ಹೊಳೆ ದಾಟುತ್ತದೆ, ಯಾವ ತಿರುವಿನಲ್ಲಿ ಬೆದರುತ್ತದೆ, ಯಾವ ವರ್ಷ ಮಂಜು ಗಟ್ಟಿಯಾಗಿ ಮೇವು ಸಿಗುವುದಿಲ್ಲ, ಇದೆಲ್ಲ ಅಪ್ಪ ಅಮ್ಮನಿಂದ ಮಕ್ಕಳಿಗೆ ಬಂದ ಅರಿವು. ಟುವಾನ್ ಹೇಳಿದ ಅರಿಯುವಿಕೆಗೆ ಇದಕ್ಕಿಂತ ದಟ್ಟವಾದ ಉದಾಹರಣೆ ಬೇಕಾ? ಆದರೆ ಅಲ್ಲಿ ಕಟ್ಟಡ ಇಲ್ಲ. ಬೇಲಿ ಇಲ್ಲ. ಹೊರಗಿನ ಕಣ್ಣಿಗೆ ಅದು ಖಾಲಿ ನೆಲ. 1900ರಲ್ಲಿ ಊರು ಕಟ್ಟುವಾಗ ಹಾಗೇ ಕಂಡಿತು. ನೂರು ವರ್ಷದ ಮೇಲೆ ಊರನ್ನು ಪೂರ್ವಕ್ಕೆ ತಳ್ಳುವಾಗ ಮತ್ತೊಮ್ಮೆ ಆ ದಾರಿ ಇಕ್ಕಟ್ಟಾಯಿತು. ಗಣಿ, ರೈಲು, ಹೆದ್ದಾರಿ, ಊರು, ಈಗ ಹೊಸ ಊರು, ಪ್ರತಿಯೊಂದೂ ಆ ಗೆರೆಯನ್ನು ಒಂದೊಂದು ಕಡೆಯಿಂದ ಒತ್ತುತ್ತದೆ.

ಚರ್ಚಿನ ಮಾಡಿಗೆ ಸಾಮಿ ಗುಡಿಸಲಿನ ಆಕಾರ ಇದೆ, ಆ ಆಕಾರವನ್ನು ಕೋಟಿಗಟ್ಟಲೆ ಖರ್ಚು ಮಾಡಿ ಉಳಿಸಿಕೊಂಡರು. ಗುಡಿಸಲಿನವರ ದಾರಿ ಉಳಿಸುವ ಪ್ರಶ್ನೆ ಬಂದಾಗ ಅದೇ ಕಾಳಜಿ ಕಾಣಲಿಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಬೇಸರ ತರಿಸುವುದು ಇದೇ. ಸಂಸ್ಕೃತಿಯನ್ನು ವಸ್ತುವಾಗಿ ಕಾಪಾಡಲು ನಾವು ತಯಾರು. ಬದುಕುವ ಬಗೆಯಾಗಿ ಕಾಪಾಡಲು ನೆಲ ಬಿಟ್ಟುಕೊಡಬೇಕಾಗುತ್ತದೆ, ಅಲ್ಲಿ ಕೈ ಹಿಂದೆ ಹೋಗುತ್ತದೆ.

ಗಣಿಯವರ ಮಾತಿಗೂ ಒಂದು ಕಿವಿ

ಹಾಗಂತ ಇದನ್ನು ಒಳ್ಳೆಯವರು ಕೆಟ್ಟವರ ಕಥೆ ಮಾಡಿದರೆ ತಪ್ಪಾಗುತ್ತದೆ. ಭೂಗೋಳಶಾಸ್ತ್ರಜ್ಞೆ ಡೊರೀನ್ ಮಾಸ್ಸಿ 1991ರಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದರು. ಜಾಗವೆಂದರೆ ಗಡಿ ಹಾಕಿಕೊಂಡು ಒಳಗೆ ಕೂತ, ಒಂದೇ ಬೇರಿನ, ಬದಲಾಗದ ಗುರುತು ಅಂತ ತಿಳಿಯಬೇಡಿ; ಎಲ್ಲೆಲ್ಲಿಂದಲೋ ಬಂದ ಸಂಬಂಧಗಳು ಒಂದು ಕಡೆ ಕಲೆತ ಗಂಟೇ ಜಾಗ. ಕಿರುನಾಗೆ ಈ ಮಾತು ಸರಿಯಾಗಿ ಹೊಂದುತ್ತದೆ. ಇದು ಹುಟ್ಟಿದ್ದೇ ಹೊರಗಿನ ಉಕ್ಕಿನ ಬೇಡಿಕೆಯಿಂದ. ದಕ್ಷಿಣದಿಂದ ಬಂದ ಕೂಲಿಗಳು, ಫಿನ್ನಿಷ್ ಮಾತಾಡುವವರು, ಸಾಮಿಗಳು, ನಾರ್ವೆಯ ಬಂದರು, ಜರ್ಮನಿಯ ಕುಲುಮೆಗಳು, ಇವೆಲ್ಲ ಸೇರಿಯೇ ಕಿರುನಾ. ಹಳೆಯ ಕಿರುನಾ ಶುದ್ಧ, ಹೊಸದು ಕೃತಕ ಅನ್ನುವ ವಾದ ನಿಲ್ಲುವುದಿಲ್ಲ. ಹಳೆಯದೂ ಒಬ್ಬ ಭೂವಿಜ್ಞಾನಿ ಮತ್ತು ಒಬ್ಬ ನಕ್ಷೆಗಾರ ಮೇಜಿನ ಮೇಲೆ ಎಳೆದ ಊರೇ. ಜನ ಅದನ್ನು ಊರು ಮಾಡಿಕೊಂಡರು. ಹೊಸದನ್ನೂ ಮಾಡಿಕೊಳ್ಳುತ್ತಾರೆ, ಈಗಾಗಲೇ ಮಕ್ಕಳು ಕ್ರಿಸ್ಟಾಲೆನ್ ಎದುರಿನ ಚೌಕವನ್ನೇ ತಮ್ಮದು ಅಂದುಕೊಂಡು ಆಡುತ್ತಿದ್ದಾರೆ.

ಗಣಿ ಕಾರ್ಮಿಕರಿಗೆ ಹೆಮ್ಮೆಯೂ ಇದೆ, ಅದು ನಿಜವಾದ ನಂಟು. ಜಾಗಕ್ಕೆ ಅರ್ಥ ಕೊಡುವುದು ನೋಟ ಮಾತ್ರ ಅಲ್ಲ, ದುಡಿಮೆ ಕೂಡ. ಮೂರು ತಲೆಮಾರು ಒಂದೇ ಸುರಂಗಕ್ಕೆ ಇಳಿದ ಮನೆಗಳಿಗೆ ಆ ಬೆಟ್ಟದ ಒಳಗೂ ಊರೇ. ಊರು ಹೋದರೂ ಗಣಿ ಇರಲಿ ಅಂತ ಅವರು ಹೇಳಿದರೆ ಅದನ್ನು ಬರೀ ಸಂಬಳದ ಮಾತು ಅಂತ ತಳ್ಳಿಹಾಕಬಾರದು.

ಮಾಸ್ಸಿ ಇನ್ನೊಂದು ಮಾತನ್ನೂ ಹೇಳಿದ್ದರು. ಈ ಓಡಾಟ, ಸಂಬಂಧಗಳ ಜಾಲದಲ್ಲಿ ಎಲ್ಲರ ಕೈಯಲ್ಲೂ ಒಂದೇ ಅಳತೆಯ ಅಧಿಕಾರ ಇರುವುದಿಲ್ಲ. ಕೆಲವರು ಓಡಾಟವನ್ನು ನಡೆಸುತ್ತಾರೆ, ಕೆಲವರು ಅದಕ್ಕೆ ಸಿಕ್ಕಿಕೊಳ್ಳುತ್ತಾರೆ. ಕಿರುನಾದಲ್ಲಿ ಊರು ಯಾವಾಗ ಏಳಬೇಕು ಅನ್ನುವ ವೇಳಾಪಟ್ಟಿ ಬರುವುದು ಅದಿರಿನ ಆಳದಿಂದ, ಬೆಲೆಯಿಂದ. ಪುರಸಭೆ ಅದರ ಹಿಂದೆ ಓಡುತ್ತದೆ. ಸಾಮಿಗಳು ಪುರಸಭೆಯ ಹಿಂದೆ.

ಇದು ಮುಗಿದ ಪ್ರಕರಣವಲ್ಲ. 2025ರ ಆಗಸ್ಟ್ ಕೊನೆಯಲ್ಲಿ, ಚರ್ಚ್ ಹೊಸ ಜಾಗಕ್ಕೆ ಬಂದು ಕೆಲವೇ ದಿನಗಳಾಗಿದ್ದಾಗ, ಇನ್ನೂ ಸುಮಾರು 6,000 ಜನ ಮನೆ ಬಿಡಬೇಕಾಗುತ್ತದೆ ಅಂತ ಕಂಪನಿ ತಿಳಿಸಿತು. ಸುಮಾರು 18,000 ಜನರ ಊರಿಗೆ ಅದು ಮೂರನೇ ಒಂದು ಭಾಗ. ತಾವು ಬಿರುಕಿನ ಗೆರೆಯ ಆಚೆ, ತಮಗೇನೂ ಆಗುವುದಿಲ್ಲ ಅಂದುಕೊಂಡಿದ್ದವರೂ ಈಗ ಪಟ್ಟಿಯಲ್ಲಿದ್ದಾರೆ. ಊರಿನ ಪಕ್ಕದಲ್ಲೇ ಪೆರ್ ಗೈಯರ್ ಎಂಬ ಇನ್ನೊಂದು ನಿಕ್ಷೇಪ ಇದೆ. ಅದರಲ್ಲಿ ಹತ್ತು ಲಕ್ಷ ಟನ್‌ಗೂ ಹೆಚ್ಚು ಅಪರೂಪದ ಭಸ್ಮಲೋಹಗಳ ಆಕ್ಸೈಡ್ ಇದೆ ಅಂತ ಕಂಪನಿ 2023ರ ಜನವರಿಯಲ್ಲಿ ಹೇಳಿತು. ವಿದ್ಯುತ್ ಕಾರು, ಗಾಳಿಯಂತ್ರಗಳಿಗೆ ಬೇಕಾದ ಸಾಮಗ್ರಿ ಅದು. ಯುರೋಪಿಯನ್ ಒಕ್ಕೂಟ 2025ರಲ್ಲಿ ಈ ಯೋಜನೆಯನ್ನು ತನ್ನ ಆಯಕಟ್ಟಿನ ಯೋಜನೆಗಳ ಪಟ್ಟಿಗೆ ಸೇರಿಸಿತು.

ಅದು ಇರುವುದು ಗಾಬ್ನಾ ಸಮುದಾಯದ ಹಿಂಡಿಗೆ ಉಳಿದಿರುವ ಇಕ್ಕಟ್ಟಿನ ದಾರಿಯ ಮೇಲೆ. ಗಣಿ ಬಂದರೆ ಬೆಟ್ಟಕ್ಕೂ ಚಳಿಗಾಲದ ಕಾಡಿಗೂ ನಡುವಿನ ಕೊಂಡಿ ಕತ್ತರಿಸಿಹೋಗುತ್ತದೆ ಅಂತ ಆ ಸಮುದಾಯ ಬಹಿರಂಗವಾಗಿಯೇ ಹೇಳುತ್ತಿದೆ. ಹಿಂಡಿಗೆ ಮಾರುಕಟ್ಟೆ ಬೆಲೆಯ ಮೇಲೆ ಶೇ. 25 ಸೇರಿಸಿ ಕೊಟ್ಟರೆ ಅದು ಇನ್ನೊಂದು ದಾರಿ ಕೊಂಡುಕೊಳ್ಳುವುದಿಲ್ಲ. ಬೆಟ್ಟವೂ ಕಾಡೂ ಎಲ್ಲಿವೆಯೋ ಅಲ್ಲೇ ಇರುತ್ತವೆ, ನಡುವಿನ ನೆಲಕ್ಕೆ ಬದಲಿ ಇಲ್ಲ. ಹಾಗಾಗಿ ಪೆರ್ ಗೈಯರ್ ವಿಷಯದಲ್ಲಿ ಮೊದಲು ಕೂತು ಮಾತಾಡಬೇಕಾದದ್ದು ಪರಿಹಾರದ ಮೊತ್ತದ ಬಗ್ಗೆ ಅಲ್ಲ, ಆ ದಾರಿಯನ್ನು ತೆರೆದಿಟ್ಟುಕೊಂಡು ಅಲ್ಲಿ ಗಣಿ ತೆಗೆಯಲು ಸಾಧ್ಯವೇ ಅನ್ನುವುದರ ಬಗ್ಗೆ. ಸಾಧ್ಯವಿಲ್ಲ ಅಂತ ಉತ್ತರ ಬಂದರೆ ಗಣಿಯನ್ನೇ ಬಿಡುವ ಆಯ್ಕೆಯೂ ಮೇಜಿನ ಮೇಲಿರಬೇಕು. 2004ರಲ್ಲಿ ಆ ಆಯ್ಕೆ ಇರಲಿಲ್ಲ.